ಪಾರ್ಕ್ ಒಂದು ದಿನ, ರೂಮ್ ಎರಡು ರಾತ್ರಿ: ಪುಟ್ಟ ಮಕ್ಕಳಿದ್ರೆ ರೆಸಾರ್ಟ್ ಆರಿಸುದು ಹೇಗೆ?

ಏಪ್ರಿಲ್ ಬಂತು ಅಂದ್ರೆ ಮಂಗಳೂರು, ಉಡುಪಿ ಕಡೆ ಮನೆಮನೆಯಲ್ಲೂ ಒಂದೇ ರಾಗ. ಮಕ್ಕಳಿಗೆ ರಜೆ, ಸೆಕೆಗೆ ಮನೆಯಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ಲ, ಬೆಂಗಳೂರು ಹತ್ರ ಬಿಡದಿಯಲ್ಲಿರುವ ವಂಡರ್‌ಲಾ ಪಾರ್ಕಿಗೆ ಹೋಗುವಾ. ಪಾರ್ಕಿನ ಟಿಕೆಟ್ ಮೊಬೈಲಲ್ಲೇ ಐದು ನಿಮಿಷದಲ್ಲಿ ಆಗ್ತದೆ, ಮಂಡೆ ಬಿಸಿ ಶುರುವಾಗುದು ರೂಮ್ ಹುಡುಕುವಾಗ. ಒಂದು ಆ್ಯಪ್ ತೆಗೆದ್ರೆ ಎಲ್ಲದಕ್ಕೂ ನಾಲ್ಕು ಸ್ಟಾರ್, ಎಲ್ಲದರ ಫೋಟೊದಲ್ಲೂ ನೀಲಿ ಸ್ವಿಮಿಂಗ್ ಪೂಲು, ರೇಟ್ ಮಾತ್ರ ಎರಡು ಸಾವಿರದಿಂದ ಹನ್ನೆರಡು ಸಾವಿರದವರೆಗೆ ಉಂಟು.

ನನ್ನ ಪ್ರಕಾರ ಲೆಕ್ಕ ಸಿಂಪಲ್. ಮಕ್ಕಳು ಚಿಕ್ಕವರಾದಷ್ಟು ಪಾರ್ಕಿಗಿಂತ ರೂಮ್ ಮುಖ್ಯ. ಹನ್ನೊಂದು ವರ್ಷದ ಹುಡುಗ ಬೆಳಿಗ್ಗೆ ಗೇಟ್ ತೆಗೆಯುವಾಗ ಒಳಗೆ ಹೋದ್ರೆ ಸಂಜೆ ದೂಡಿ ಹೊರಗೆ ತರ್ಬೇಕು, ಅವನಿಗೆ ಮಲಗ್ಲಿಕ್ಕೆ ಒಂದು ಚಾಪೆ ಇದ್ರೂ ಸಾಕು. ಮೂರು ವರ್ಷದ್ದು ಹಾಗಲ್ಲ, ಮಧ್ಯಾಹ್ನ ಒಂದೂವರೆಗೆ ಕಣ್ಣು ಉಜ್ಜಲಿಕ್ಕೆ ಶುರು ಮಾಡ್ತದೆ, ಎರಡು ಗಂಟೆಗೆ ನೆಲದಲ್ಲಿ ಹೊರಳಾಡ್ತದೆ, ಆಮೇಲೆ ನೀವು ಯಾವ ರೈಡಿಗೆ ಕರ್ಕೊಂಡು ಹೋದ್ರೂ ಅದಕ್ಕೆ ಎಂತದೂ ಬೇಡ. ಆ ಹೊತ್ತಿಗೆ ಹಾಸಿಗೆ ಎಷ್ಟು ದೂರ ಉಂಟು ಅನ್ನುದರ ಮೇಲೆ ಇಡೀ ಟ್ರಿಪ್ಪು ನಿಂತಿರ್ತದೆ.

ಮೊದಲು ಅಳತೆ ಟೇಪು, ಆಮೇಲೆ ಬುಕಿಂಗ್

ಹೋಟೆಲಿನವರು ಮಗುವಿನ ವಯಸ್ಸು ಕೇಳ್ತಾರೆ, ಪಾರ್ಕಿನವರು ಎತ್ತರ ಅಳೀತಾರೆ. ಈ ಎರಡು ಲೆಕ್ಕ ಬೇರೆ ಬೇರೆ ಅಂತ ತುಂಬ ಜನರಿಗೆ ಗೊತ್ತಾಗುದು ಗೇಟಿನಲ್ಲಿ ನಿಂತ ಮೇಲೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇದ್ರೆ ಟಿಕೆಟ್ ಇಲ್ಲ, 85ರಿಂದ 140 ಸೆಂ.ಮೀ. ತನಕ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಹಾಗಾಗಿ ಮನೆಯ ಬಾಗಿಲ ಚೌಕಟ್ಟಿನಲ್ಲಿ 85ಕ್ಕೊಂದು 140ಕ್ಕೊಂದು ಪೆನ್ಸಿಲ್ ಗೆರೆ ಎಳೀರಿ, ಮಗುವನ್ನು ಚಪ್ಪಲಿ ಇಲ್ಲದೆ ನಿಲ್ಲಿಸಿ.

ಇದರಿಂದ ಟಿಕೆಟಿನ ದುಡ್ಡು ಮಾತ್ರ ಅಲ್ಲ, ಎಷ್ಟು ದಿನ ಉಳಿಬೇಕು ಅಂತಲೂ ತೀರ್ಮಾನ ಆಗ್ತದೆ. ಎದೆ ಝಲ್ ಅನ್ನಿಸುವ ದೊಡ್ಡ ರೈಡುಗಳಿಗೆ ಹೆಚ್ಚಾಗಿ 140 ಸೆಂ.ಮೀ. ಬೇಕು. ಮಗು ಕೆಳಗಿನ ಗೆರೆ ಹತ್ರ ಉಂಟಾದ್ರೆ ಅದಕ್ಕೆ ಸಿಗುದು ಮಕ್ಕಳ ರೈಡು, ಸಣ್ಣ ನೀರಿನ ಕೊಳ, ಕೆಲವು ಫ್ಯಾಮಿಲಿ ರೈಡು ಅಷ್ಟೇ, ಅದಕ್ಕೆ ಮೂರು ನಾಲ್ಕು ಗಂಟೆ ಧಾರಾಳ. ಅಂದ್ರೆ ಪಾರ್ಕಿಗೆ ಒಂದು ದಿನ ಸಾಕು, ಎರಡನೇ ದಿನಕ್ಕೆ ಮತ್ತೆ ಪಾರ್ಕ್ ಟಿಕೆಟ್ ಬೇಡ, ರೆಸಾರ್ಟಿನ ಪೂಲಿನಲ್ಲೇ ಮಕ್ಕಳು ಗಮ್ಮತ್ತು ಮಾಡ್ತಾರೆ.

ಮಗುವಿಗೆ ನೀರು, ಗದ್ದಲ ಎಲ್ಲ ಆಗ್ತದಾ ಅಂತ ಡೌಟ್ ಇದ್ರೆ ಪಿಲಿಕುಳದ ಮಾನಸ ವಾಟರ್ ಪಾರ್ಕಿಗೆ ಒಂದು ಅರ್ಧ ದಿನ ಹೋಗಿ ಬನ್ನಿ. ಮಂಗಳೂರಿನಿಂದ ವಾಮಂಜೂರು ದಾರಿ, ರಾತ್ರಿ ಮನೆಯಲ್ಲೇ ಊಟ. ಅಲ್ಲೇ ಹೆದರಿ ಕುತ್ತಿಗೆಗೆ ಅಂಟಿಕೊಂಡ್ರೆ ಬಿಡದಿ ತನಕ ಹೋಗುದನ್ನು ಇನ್ನೊಂದು ವರ್ಷ ಮುಂದೆ ಹಾಕಿದ್ರೂ ಎಂತ ನಷ್ಟ ಇಲ್ಲ.

ಎಲ್ಲಿಗೆ, ಮತ್ತೆ ಎಷ್ಟು ಗಂಟೆಗೆ ಮುಟ್ತೀರಿ

ಕರಾವಳಿಯವರಿಗೆ ಇದೇ ದೊಡ್ಡ ತಲೆನೋವು. ಬೆಂಗಳೂರಿನವರು ಮನೆಯಲ್ಲಿ ತಿಂಡಿ ತಿಂದು ಕಾರ್ ಹತ್ತಿದ್ರೆ ಪಾರ್ಕ್ ತೆಗೆಯುವಾಗ ಅಲ್ಲಿರ್ತಾರೆ, ನಾವು ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿಯಲ್ಲಿ ಮಕ್ಕಳು ವಾಂತಿ ಮಾಡದ ಹಾಗೆ ನೋಡ್ಕೊಂಡು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳೀಬೇಕು, ಅಲ್ಲಿಂದ ಪುನಃ ಮೈಸೂರು ರಸ್ತೆಯಲ್ಲಿ ಬಿಡದಿಗೆ. ಮುಟ್ಟುವಾಗ ಏಳು ಗಂಟೆ. ಹೋಟೆಲಿನ ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ. ಆ ಐದರಿಂದ ಏಳು ಗಂಟೆ ಬ್ಯಾಗು, ನಿದ್ದೆಗೆಟ್ಟ ಮಗು, ಹಲ್ಲುಜ್ಜದ ಬಾಯಿ ಎಲ್ಲ ಹಿಡ್ಕೊಂಡು ರಿಸೆಪ್ಷನ್ ಸೋಫಾದಲ್ಲಿ ಕೂತ್ಕೊಳ್ಳುದು ಎಂಥ ಸಾವು ಮಾರಾಯ್ರೆ.

ಹಾಗಾಗಿ ಬುಕ್ ಮಾಡುವ ಮೊದಲು ಹೋಟೆಲಿಗೆ ಡೈರೆಕ್ಟ್ ಫೋನ್ ಮಾಡಿ ಅರ್ಲಿ ಚೆಕ್-ಇನ್ ಬಗ್ಗೆ ಕೇಳಿ. "ಅವೈಲೆಬಿಲಿಟಿ ನೋಡಿ ಕೊಡ್ತೇವೆ ಸರ್" ಅಂತ ಹೇಳ್ತಾರೆ, ಆ ಮಾತಿಗೆ ಅರ್ಥ ಇಲ್ಲ ಅಂತಲೇ ಇಟ್ಕೊಳ್ಳಿ. ಅರ್ಧ ದಿನದ ಚಾರ್ಜ್ ಕೊಟ್ರೆ ಗ್ಯಾರಂಟಿ ಸಿಗ್ತದಾ ಅಂತ ಕೇಳಿ, ಸಿಗ್ತದೆ ಅಂದ್ರೆ ಈಮೇಲ್ ಅಥವಾ ವಾಟ್ಸಾಪಲ್ಲಿ ಹಾಕಿಸ್ಕೊಳ್ಳಿ. ಇಲ್ಲದಿದ್ರೆ ಹಗಲು ಪ್ರಯಾಣ ಮಾಡಿ ಸಂಜೆಗೆ ಮುಟ್ಟಿ, ರಾತ್ರಿ ಚೆನ್ನಾಗಿ ಮಲಗಿಸಿ, ಮರುದಿನ ಪಾರ್ಕ್. ನನಗೆ ಇದೇ ಸರಿ ಕಾಣ್ತದೆ, ಒಂದು ರಾತ್ರಿಯ ಬಾಡಿಗೆ ಹೆಚ್ಚಾಗ್ತದೆ ನಿಜ, ಆದ್ರೆ ಬಚ್ಚಿದ ಮಗುವನ್ನು ಹಿಡ್ಕೊಂಡು ಸಾವಿರಾರು ರೂಪಾಯಿಯ ಟಿಕೆಟ್ ಹಾಳು ಮಾಡುದಕ್ಕಿಂತ ಅದು ಚೀಪು.

ರೈಲಿನವರಿಗೆ ಒಂದು ಮಾತು. ಬಿಡದಿ ಇರುದು ಕೆಂಗೇರಿಗೂ ರಾಮನಗರಕ್ಕೂ ನಡುವೆ, ಬೆಂಗಳೂರು-ಮೈಸೂರು ಲೈನಿನಲ್ಲಿ. ಮುರುಡೇಶ್ವರದಿಂದ ಉಡುಪಿ, ಮಂಗಳೂರು, ಮೈಸೂರು ಆಗಿ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಇದೇ ದಾರಿಯಲ್ಲಿ ಹೋಗ್ತದೆ, ಯಾವ ಸ್ಟೇಷನಲ್ಲಿ ನಿಲ್ತದೆ ಅಂತ ನೋಡಿ ಟಿಕೆಟ್ ಮಾಡಿದ್ರೆ ಬೆಂಗಳೂರು ಪೇಟೆ ಸುತ್ತಿ ವಾಪಸ್ ಬರುದು ತಪ್ತದೆ.

ಕೊಚ್ಚಿಯ ವಂಡರ್‌ಲಾ ಕೂಡ ಮಂಗಳೂರಿನವರಿಗೆ ದೂರ ಅಲ್ಲ. 2000ದಲ್ಲಿ ವೀಗಾಲ್ಯಾಂಡ್ ಅಂತ ಶುರುವಾದದ್ದು ಅದೇ, ಎರ್ನಾಕುಲಂ ಹತ್ರದ ಪಳ್ಳಿಕ್ಕರದಲ್ಲಿ ಉಂಟು. ಮಂಗಳೂರು ಸೆಂಟ್ರಲ್‌ನಿಂದ ಪರಶುರಾಮ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ಹೊರಟು ಮಧ್ಯಾಹ್ನಕ್ಕೆ ಎರ್ನಾಕುಲಂ ಮುಟ್ಟಿಸ್ತದೆ, ಸರೀ ಚೆಕ್-ಇನ್ ಹೊತ್ತಿಗೆ, ಘಾಟಿಯೂ ಇಲ್ಲ. ಆದ್ರೆ ಬಿಡದಿಯ ಹಾಗೆ ಪಾರ್ಕಿಗೆ ಅಂಟಿಕೊಂಡ ರೆಸಾರ್ಟ್ ಅಲ್ಲಿ ಇಲ್ಲ, ಪೇಟೆಯಲ್ಲೋ ಕಾಕ್ಕನಾಡ್ ಕಡೆಯೋ ಉಳೀಬೇಕು.

ಇಮ್ಯಾಜಿಕಾ ಪಾರ್ಕ್ ಅಂತಾದ್ರೆ ಮುಂಬೈ ಕಡೆಯ ಖೋಪೋಲಿ. ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಪನ್ವೇಲ್‌ನಲ್ಲಿ ಇಳಿದು ಟ್ಯಾಕ್ಸಿ, ಅಲ್ಲಿಗೂ ಮುಟ್ಟುದು ಬೆಳಕು ಹರಿಯುವ ಮೊದಲೇ, ಹಾಗಾಗಿ ಅದೇ ಅರ್ಲಿ ಚೆಕ್-ಇನ್ ಕಥೆ. ಪಾರ್ಕಿನ ಪಕ್ಕದಲ್ಲೇ ನೊವೊಟೆಲ್ ಉಂಟು, 287 ರೂಮಿನ ದೊಡ್ಡ ಹೋಟೆಲು.

ಐದು ವರ್ಷದ ಒಳಗಿನ ಮಕ್ಕಳು ಮಾತ್ರ ಇದ್ರೆ ನಾನಾದ್ರೆ ಇದ್ಯಾವುದೂ ಬೇಡ, ಮೈಸೂರಿಗೆ ಹೋಗಿ ಅಂತ ಹೇಳ್ತೇನೆ. ಪೇಟೆಯಲ್ಲಿ ಒಂದು ಒಳ್ಳೆ ರೂಮು, ಒಂದು ದಿನ ಝೂ, ಒಂದು ದಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಝೂಗೆ ಮಂಗಳವಾರ ರಜೆ, ಅದೊಂದು ನೆನಪಿರ್ಲಿ.

ಗೇಟಿನ ಒಳಗಾ, ಹೊರಗಾ

ಬಿಡದಿಯ ವಂಡರ್‌ಲಾ ಪಾರ್ಕ್ 2005ರದ್ದು, ಅದರ ಪಕ್ಕದಲ್ಲೇ ಅವರದ್ದೇ ರೆಸಾರ್ಟು ಉಂಟು, 84 ರೂಮು. ರಜೆಯಲ್ಲಿ ಬೇಗ ತುಂಬ್ತದೆ, ರೇಟೂ ಏರ್ತದೆ. ಹೊರಗೆ ಬಿಡದಿ, ರಾಮನಗರ, ಕೆಂಗೇರಿ ಕಡೆ ಅರ್ಧ ದುಡ್ಡಿಗೆ ರೂಮ್ ಸಿಗ್ತದೆ. ಈಗ ಯಾವುದು ಲಾಭ?

ಇದಕ್ಕೆ ಒಂದೇ ಪ್ರಶ್ನೆ ಕೇಳಿ. ಮಧ್ಯಾಹ್ನ ಹೊರಗೆ ಬಂದ್ರೆ ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಬಿಡ್ತಾರಾ? ಇದನ್ನು ಪಾರ್ಕಿಗೇ ಫೋನ್ ಮಾಡಿ ಕೇಳ್ಬೇಕು, ರೂಮ್ ಮಾರುವ ಏಜೆಂಟನ್ನು ಅಲ್ಲ. ಬಿಡ್ತಾರೆ ಅಂತಾದ್ರೆ ಪಕ್ಕದ ರೆಸಾರ್ಟಿಗೆ ಕೊಡುವ ಹೆಚ್ಚಿನ ದುಡ್ಡು ವಸೂಲು. ಹನ್ನೊಂದಕ್ಕೆ ಹೋಗಿ, ಒಂದೂವರೆಗೆ ವಾಪಸ್ ಬಂದು, ಮಗು ಎರಡು ಗಂಟೆ ಎಸಿಯಲ್ಲಿ ಮಲಗಿ ಎದ್ದು, ನಾಲ್ಕಕ್ಕೆ ಪುನಃ ಹೋದ್ರೆ ಆಗ ಬಿಸಿಲೂ ಕಡಿಮೆ. ಬಿಡುದಿಲ್ಲ ಅಂತಾದ್ರೆ ಪಕ್ಕದಲ್ಲಿದ್ರೂ ಹತ್ತು ಕಿಲೋಮೀಟರ್ ಆಚೆ ಇದ್ರೂ ಹೆಚ್ಚು ವ್ಯತ್ಯಾಸ ಇಲ್ಲ, ಕಡಿಮೆ ರೇಟಿನ ರೂಮೇ ಆಗ್ತದೆ, ಆದ್ರೆ ಸಂಜೆ ವಾಪಸ್ ಬರ್ಲಿಕ್ಕೆ ಗಾಡಿ ಮೊದಲೇ ಮಾತಾಡಿಟ್ಟಿರಿ, ಪಾರ್ಕ್ ಮುಚ್ಚುವಾಗ ಎಲ್ಲರೂ ಒಟ್ಟಿಗೆ ಹೊರಗೆ ಬರ್ತಾರೆ, ಆಟೊದವರಿಗೆ ಜಾತ್ರೆ.

ಅಜ್ಜಿ ಜೊತೆಗೆ ಬರ್ತಾರಾದ್ರೆ ಕಣ್ಣು ಮುಚ್ಚಿ ಪಕ್ಕದ್ದೇ ಮಾಡಿ. ಅಜ್ಜಿ ರೂಮಲ್ಲಿ ಆರಾಮ ಇರ್ತಾರೆ, ಸಣ್ಣದನ್ನು ಅವರ ಹತ್ರ ಮಲಗಿಸಿ ನೀವು ದೊಡ್ಡ ಮಗುವನ್ನು ಕರ್ಕೊಂಡು ಇನ್ನೊಂದು ರೌಂಡ್ ಹೋಗ್ಬಹುದು, ಅವರಿಗೆ ಪಾರ್ಕ್ ಟಿಕೆಟ್ ತೆಗೆಯುವ ಖರ್ಚೂ ಉಳೀತದೆ.

ಫೋಟೊದಲ್ಲಿ ಕಾಣದ್ದು

ಪೂಲಿನ ಫೋಟೊ ನೋಡಿ ಮರುಳಾಗ್ಬೇಡಿ, ಮಕ್ಕಳ ಪೂಲ್ ಬೇರೆ ಉಂಟಾ, ಎಷ್ಟು ಆಳ, ಸಂಜೆ ಎಷ್ಟು ಗಂಟೆಗೆ ಮುಚ್ತಾರೆ ಅಂತ ಕೇಳಿ. ಪಾರ್ಕಿನಿಂದ ನೀವು ಬರುವ ಹೊತ್ತಿಗೇ ಪೂಲ್ ಬಂದ್ ಆಗುವ ಜಾಗ ಬೇಕಾದಷ್ಟು ಉಂಟು.

ಬೆಡ್ಡು ಒಂದೇ ದೊಡ್ಡದಾ, ಎರಡು ಸಿಂಗಲ್ಲಾ? ಸಿಂಗಲ್ ಆದ್ರೆ ಒಟ್ಟಿಗೆ ದೂಡಿ ಒಂದು ಬದಿ ಗೋಡೆಗೆ ತಾಗಿಸ್ಲಿಕ್ಕೆ ಆಗ್ತದಾ ನೋಡಿ, ಹೊಸ ಜಾಗದಲ್ಲಿ ಮಗು ರಾತ್ರಿ ಉರುಳಿ ಬೀಳುದು ಮಾಮೂಲು. ಬಾಲ್ಕನಿ ಇದ್ರೆ ಕಂಬಿಗಳ ನಡುವೆ ಎಷ್ಟು ಜಾಗ ಉಂಟು, ಬಾಗಿಲಿಗೆ ಮೇಲಿನ ಚಿಲಕ ಉಂಟಾ. ನಡೀಲಿಕ್ಕೆ ಕಲಿತ ಮಗು ಇರುವವರಿಗೆ ಗ್ರೌಂಡ್ ಫ್ಲೋರೇ ಬೆಸ್ಟ್, ವ್ಯೂ ಎಲ್ಲ ಆಮೇಲೆ. ಬಾತ್‌ರೂಮಲ್ಲಿ ಬಕೆಟ್ ಚೊಂಬು ಕೊಡ್ತಾರಾ, ಬಿಸಿನೀರು ಇಡೀ ದಿನ ಬರ್ತದಾ ಅಥವಾ ಬೆಳಿಗ್ಗೆ ಮಾತ್ರವಾ, ಇದನ್ನೂ ಕೇಳಿ. ಪಾರ್ಕಿನ ನೀರಿನಿಂದ ಬಂದ ಮಕ್ಕಳಿಗೆ ಸಂಜೆಯೇ ತಲೆಗೆ ಸ್ನಾನ ಆಗ್ಬೇಕು.

ಊಟದ ವಿಷಯ. ನಮ್ಮ ಮಕ್ಕಳಿಗೆ ಕುಚ್ಚಲಕ್ಕಿ ಗಂಜಿಯೋ ರಾಗಿ ಮಣ್ಣಿಯೋ ಅಭ್ಯಾಸ, ರೆಸಾರ್ಟಿನ ಬಫೆಯಲ್ಲಿ ಅದು ಎಲ್ಲಿಂದ ಸಿಗ್ಬೇಕು. ರೂಮಲ್ಲಿ ಕೆಟಲ್ ಉಂಟಾ, ಹಾಲಿಡ್ಲಿಕ್ಕೆ ಸಣ್ಣ ಫ್ರಿಜ್ ಉಂಟಾ, ಅಡುಗೆಮನೆಯವರು ಮಣ್ಣಿ ಕಾಯಿಸಿ ಕೊಡ್ತಾರಾ ಕೇಳಿ, ಹೆಚ್ಚಿನವರು ಇಲ್ಲ ಅನ್ನುದಿಲ್ಲ. ಹೆಚ್ಚಿನ ಪಾರ್ಕುಗಳು ಹೊರಗಿನ ತಿಂಡಿ ಒಳಗೆ ಬಿಡುದಿಲ್ಲ, ಹಾಗಾಗಿ ಮಗುವಿನ ಹೊಟ್ಟೆ ರೂಮಲ್ಲೇ ತುಂಬಿಸಿ ಹೊರಡಿ. ಬ್ರೇಕ್‌ಫಾಸ್ಟ್ ಸೇರಿದ ರೇಟಿಗೆ ಒಬ್ಬರಿಗೆ ನಾಲ್ಕೈದು ನೂರು ಜಾಸ್ತಿ ಹಾಕ್ತಾರಾದ್ರೆ ಬೇಡ ಅನ್ನಿ, ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಬಫೆಯ ಕಾರ್ನ್‌ಫ್ಲೇಕ್ಸ್ ಯಾರಿಗೆ ಬೇಕು.

ದುಡ್ಡಿನ ಲೆಕ್ಕ

ಒಂದು ದಿನದ ಬಾಡಿಗೆ 7,500 ರೂಪಾಯಿ ತನಕ ಜಿಎಸ್‌ಟಿ 5 ಪರ್ಸೆಂಟ್, 7,500 ದಾಟಿದ್ರೆ 18. ಇದು 2025ರ ಸೆಪ್ಟೆಂಬರ್ 22ರಿಂದ ಇರುವ ರೇಟು. 7,400ರ ರೂಮು ತೆರಿಗೆ ಸೇರಿ 7,770 ಆಗ್ತದೆ, 7,600ರದ್ದು 8,968. ಇನ್ನೂರು ರೂಪಾಯಿ ವ್ಯತ್ಯಾಸ ಅಂತ ಸ್ವಲ್ಪ ದೊಡ್ಡ ರೂಮ್ ಆರಿಸಿದ್ರೆ ಹೋಗುದು ಸುಮಾರು ಸಾವಿರದ ಇನ್ನೂರು. ಆ್ಯಪಿನಲ್ಲಿ ಮೊದಲು ಕಾಣುವ ದೊಡ್ಡ ಅಕ್ಷರದ ರೇಟು ಅಲ್ಲ, ಕೊನೆಯ ಪೇಜಿನ ಟೋಟಲ್ ನೋಡಿ.

ಮಕ್ಕಳಿಗೆ ಎಕ್ಸ್‌ಟ್ರಾ ಬೆಡ್ ಬೇಡ ಅಂದ್ರೂ ಕೆಲವು ಕಡೆ ಚಾರ್ಜ್ ಹಾಕ್ತಾರೆ, ಎಷ್ಟು ವಯಸ್ಸಿನ ತನಕ ಫ್ರೀ ಅಂತ ಬುಕ್ ಮಾಡುವಾಗಲೇ ಕೇಳಿ, ಮಕ್ಕಳ ಸಂಖ್ಯೆ ಮುಚ್ಚಿಡ್ಬೇಡಿ, ಚೆಕ್-ಇನ್‌ನಲ್ಲಿ ಜಗಳ ಆಗುದು ಅದಕ್ಕೇ. ಸ್ಟೇ ಮತ್ತೆ ಪಾರ್ಕ್ ಸೇರಿದ ಪ್ಯಾಕೇಜ್ ಬಂದ್ರೆ ಎರಡನ್ನೂ ಬೇರೆ ಬೇರೆ ಹಾಕಿ ಕೂಡಿಸಿ ನೋಡಿ. 85 ಸೆಂ.ಮೀ. ಆಗದ ಮಗುವಿಗೂ ಪ್ಯಾಕೇಜಿನಲ್ಲಿ ಟಿಕೆಟ್ ಸೇರಿಸಿದ್ದಾರಾ ಅಂತ ಮೊದಲು ಹುಡುಕಿ. ವಂಡರ್‌ಲಾದ ನೀರಿನ ರೈಡಿಗೆ ಕಾಟನ್ ಬಟ್ಟೆ ನಡೆಯುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಅದನ್ನು ಮಂಗಳೂರಿನ ಹಂಪನಕಟ್ಟೆಯಲ್ಲೇ ತಗೊಂಡು ಹೋಗಿ, ಪಾರ್ಕಿನ ಅಂಗಡಿಯಲ್ಲಿ ಅಲ್ಲ.

ಗಲ್ಫಿನಲ್ಲಿ ನೆಂಟರಿರುವವರಿಗೆ

ನಮ್ಮ ಊರಿನಲ್ಲಿ ಇದೂ ಒಂದು ಕೇಸು. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ದುಬೈಗೆ, ಅಬುಧಾಬಿಗೆ ನೇರ ವಿಮಾನ ಉಂಟು, ಚಿಕ್ಕಮ್ಮನ ಮನೆ ಶಾರ್ಜಾದಲ್ಲಿ, ರೂಮ್ ಯಾಕೆ ಅಂತ ಅನ್ನಿಸ್ತದೆ. ಆದ್ರೆ ಫೆರಾರಿ ವರ್ಲ್ಡ್, ವಾರ್ನರ್ ಬ್ರದರ್ಸ್ ವರ್ಲ್ಡ್ ಪಾರ್ಕುಗಳು ಇರುದು ಅಬುಧಾಬಿಯ ಯಾಸ್ ದ್ವೀಪದಲ್ಲಿ, ಶಾರ್ಜಾದಿಂದ ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಇರಿ, ಪಾರ್ಕಿನ ದಿನಕ್ಕೆ ಮಾತ್ರ ಯಾಸ್‌ನಲ್ಲಿ ಒಂದು ರಾತ್ರಿ ಮಾಡಿ. ಸಣ್ಣ ಮಕ್ಕಳಿಗೆ 2018ರಲ್ಲಿ ಶುರುವಾದ ವಾರ್ನರ್ ಬ್ರದರ್ಸ್ ಒಳ್ಳೇದು, ಇಡೀ ಪಾರ್ಕ್ ಎಸಿ ಕಟ್ಟಡದ ಒಳಗೇ ಇರುದ್ರಿಂದ ಅಲ್ಲಿನ ಬಿಸಿಲು ತಾಗುದಿಲ್ಲ. ದುಬೈಯದ್ದೇ ಬೇಕಾದ್ರೆ ಲೆಗೊಲ್ಯಾಂಡ್, ಅದು ಎರಡರಿಂದ ಹನ್ನೆರಡು ವರ್ಷದವರಿಗೆ ಅಂತಲೇ ಮಾಡಿದ್ದು, ಅಲ್ಲಿನ ಹೋಟೆಲಿನ ರೂಮುಗಳಲ್ಲಿ ಮಕ್ಕಳಿಗೆ ಬೇರೆಯೇ ಬಂಕ್ ಬೆಡ್ಡಿನ ಜಾಗ ಉಂಟು.

ಮಳೆಗಾಲ ಮತ್ತೆ ವಾಪಸ್ ಬರುವ ದಿನ

ಜೂನ್‌ನಿಂದ ಆಗಸ್ಟ್ ತನಕ ರೇಟು ಇಳೀತದೆ, ಪಾರ್ಕಿನಲ್ಲಿ ಕ್ಯೂ ಕಡಿಮೆ, ಆಸೆ ಆಗ್ತದೆ. ಆದ್ರೆ ನಮ್ಮ ಕಡೆ ಆ ಹೊತ್ತಿಗೆ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುದು, ಸುಬ್ರಹ್ಮಣ್ಯ ರೋಡ್-ಸಕಲೇಶಪುರ ನಡುವೆ ಹಳಿ ಮೇಲೆ ಮಣ್ಣು ಬಿದ್ದು ರೈಲು ಕ್ಯಾನ್ಸಲ್ ಆಗುದು ಹೊಸತಲ್ಲ. ಆ ತಿಂಗಳುಗಳಲ್ಲಿ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬಾರದ ನಾನ್-ರಿಫಂಡೆಬಲ್ ರೇಟು ಎಷ್ಟೇ ಚೀಪ್ ಇರ್ಲಿ ಮುಟ್ಬೇಡಿ. ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ ಹೋಗುದಾದ್ರೆ ಮಂಗಳವಾರ, ಬುಧವಾರ ನೋಡಿ, ಶನಿವಾರ ಬೆಂಗಳೂರಿಗೆ ಬೆಂಗಳೂರೇ ಅಲ್ಲಿರ್ತದೆ.

ಕೊನೆಯ ದಿನ ಹನ್ನೊಂದಕ್ಕೆ ಚೆಕ್-ಔಟ್, ನಿಮ್ಮ ಬಸ್ಸು ರಾತ್ರಿ ಹತ್ತಕ್ಕೆ. ಬ್ಯಾಗ್ ಇಟ್ಕೊಳ್ತಾರಾ, ಪೂಲ್ ಬಳಸ್ಲಿಕ್ಕೆ ಬಿಡ್ತಾರಾ, ಸಂಜೆ ಮಕ್ಕಳ ಮೈ ತೊಳೆದು ಬಟ್ಟೆ ಬದಲಿಸ್ಲಿಕ್ಕೆ ಒಂದು ಶವರ್ ರೂಮ್ ಸಿಗ್ತದಾ ಅಂತ ಅರ್ಲಿ ಚೆಕ್-ಇನ್ ಕೇಳುವ ಅದೇ ಫೋನಿನಲ್ಲಿ ಕೇಳಿ ಮುಗಿಸಿ. ಇಲ್ಲ ಅಂದ್ರೆ ಆರು ಗಂಟೆ ತನಕ ಲೇಟ್ ಚೆಕ್-ಔಟಿಗೆ ಎಷ್ಟು ಅಂತ ಕೇಳಿ, ಅರ್ಧ ಬಾಡಿಗೆಯ ಒಳಗೆ ಕೊಡ್ತಾರಾದ್ರೆ ತಗೊಳ್ಳಿ.