ಉದ್ದಿಮೆ ಪರವಾನಗಿ ನವೀಕರಣ: ಜನವರಿಯಲ್ಲೇ ಆರಂಭಿಸಿ

ಬೆಂಗಳೂರಿನಲ್ಲಿ ಅಂಗಡಿ, ಬೇಕರಿ, ದರ್ಶಿನಿ ಅಥವಾ ಸಲೂನು ನಡೆಸುವವರ ಬಳಿ ಸಾಮಾನ್ಯವಾಗಿ ನಾಲ್ಕೈದು ಪ್ರಮಾಣಪತ್ರಗಳಿರುತ್ತವೆ, ಮತ್ತು ಒಂದೊಂದರ ಅವಧಿಯೂ ಒಂದೊಂದು ಬಗೆಯದು. ಪಾಲಿಕೆಯ ಉದ್ದಿಮೆ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾರ್ಮಿಕ ಇಲಾಖೆಯ ನೋಂದಣಿ 5 ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಯ ಮುದ್ರೆ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವೃತ್ತಿ ತೆರಿಗೆಗೆ ಏಪ್ರಿಲ್ 30ರ ಗಡುವು. ಇವನ್ನೆಲ್ಲ ನೆನಪಿಡುವ ಹೊಣೆಯನ್ನು ಏಜೆಂಟರಿಗೆ ಒಪ್ಪಿಸಿ ನಿಶ್ಚಿಂತರಾಗುವುದು ನಮ್ಮಲ್ಲಿ ರೂಢಿ. ಹನುಮಂತನಗರದಲ್ಲಿರುವ ನಮ್ಮ ಮನೆಯವರ ಕಾಂಡಿಮೆಂಟ್ಸ್ ಅಂಗಡಿಯಲ್ಲೂ ಹಾಗೆಯೇ ನಡೆದಿತ್ತು. ಅರ್ಜಿ ಹಾಕಿಕೊಟ್ಟವರು ನಮ್ಮ ಮೊಬೈಲ್ ಸಂಖ್ಯೆಯ ಜಾಗದಲ್ಲಿ ತಮ್ಮದನ್ನೇ ತುಂಬಿದ್ದರು. ಅವರು ಊರು ಬಿಟ್ಟ ಮೇಲೆ ಒಟಿಪಿ ಹೋಗುತ್ತಿದ್ದುದು ಯಾರೂ ಎತ್ತದ ಆ ಫೋನಿಗೆ. ಸಂಖ್ಯೆ ಬದಲಾಯಿಸಿಕೊಳ್ಳುವಷ್ಟರಲ್ಲಿ ಏಪ್ರಿಲ್ ಬಂದು, ಶುಲ್ಕದಷ್ಟೇ ದಂಡವನ್ನೂ ಕಟ್ಟಬೇಕಾಯಿತು.

ಆದ್ದರಿಂದ ಮೊದಲ ಕೆಲಸ ಇದು: ಜನವರಿಯ ಒಂದು ಸಂಜೆ ಕುಳಿತು, ನಿಮ್ಮ ಹೆಸರಿನಲ್ಲಿರುವ ಪ್ರತಿಯೊಂದು ಆನ್‌ಲೈನ್ ಖಾತೆಗೂ ನೀವೇ ಲಾಗಿನ್ ಆಗಿ ನೋಡಿ. ಅಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಆಗಿರಬೇಕು. ಅರ್ಜಿಯನ್ನು ಬೇರೆಯವರಿಂದ ತುಂಬಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಕೀಲಿಕೈ ಮಾತ್ರ ಅಂಗಡಿಯವರ ಕೈಯಲ್ಲೇ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಹಳೆಯ ಪರವಾನಗಿ, ಬಾಡಿಗೆ ಕರಾರು, ಕಟ್ಟಡದ ಆಸ್ತಿ ತೆರಿಗೆ ರಸೀದಿ, ವಿದ್ಯುತ್ ಬಿಲ್, ಜಿಎಸ್‌ಟಿ ಪ್ರಮಾಣಪತ್ರ, ಇವಿಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಹೆಸರು ಮತ್ತು ವಿಳಾಸವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಒಂದರಲ್ಲಿ ಹಳೆಯ ಡೋರ್ ನಂಬರ್, ಇನ್ನೊಂದರಲ್ಲಿ ಹೊಸದು. ಒಂದರಲ್ಲಿ ‘ಸ್ಟೋರ್ಸ್’, ಮತ್ತೊಂದರಲ್ಲಿ ‘ಟ್ರೇಡರ್ಸ್’ ಎಂದಿದ್ದರೆ ಅರ್ಜಿ ಅಲ್ಲಿಯೇ ನಿಂತುಬಿಡಬಹುದು. ಬಾಡಿಗೆ ಕರಾರು ನಮ್ಮಲ್ಲಿ ಬಹುತೇಕ 11 ತಿಂಗಳದ್ದು. ಬಾಡಿಗೆ ತಿಂಗಳು ತಿಂಗಳು ಸಲ್ಲುತ್ತಿರುವುದರಿಂದ ಕರಾರು ಮುಗಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಆಸ್ತಿ ತೆರಿಗೆ ಕಟ್ಟುವವರು ಕಟ್ಟಡದ ಮಾಲೀಕರು, ಅದರ ರಸೀದಿ ಬೇಕಾಗಿರುವುದು ಬಾಡಿಗೆದಾರರಿಗೆ. ಮಾಲೀಕರು ಬಾಕಿ ಉಳಿಸಿಕೊಂಡಿದ್ದರೆ ಅದನ್ನು ಮಾರ್ಚ್ ಕೊನೆಯ ವಾರದಲ್ಲಿ ಹೇಳಿ ಪ್ರಯೋಜನವಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಹೋದಾಗಲೇ ರಸೀದಿಯ ಮಾತನ್ನೂ ಎತ್ತುವುದು ಒಳ್ಳೆಯದು.

ಮೂರನೆಯದು ಪಾಲಿಕೆಯ ಅರ್ಜಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಅಂಗಡಿ ಈಗ ಯಾವ ಪಾಲಿಕೆಯ ವ್ಯಾಪ್ತಿಗೆ ಸೇರಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಉದ್ದಿಮೆ ಪರವಾನಗಿಯನ್ನು ನೋಡಿಕೊಳ್ಳುವುದು ಆರೋಗ್ಯ ವಿಭಾಗ. ನಗರದಲ್ಲಿ ನಡೆದುಕೊಂಡು ಬಂದಿರುವ ಕ್ರಮದಂತೆ ಫೆಬ್ರುವರಿಯಲ್ಲಿ ನವೀಕರಿಸಿದರೆ ದಂಡವಿಲ್ಲ, ಮಾರ್ಚ್‌ನಲ್ಲಿ ಶೇ 25ರಷ್ಟು, ಏಪ್ರಿಲ್ 1ರಿಂದ ಶೇ 100ರಷ್ಟು ದಂಡ ಬೀಳುತ್ತದೆ. ನವೀಕರಣದ ಅರ್ಜಿಯಲ್ಲಿ ಹಳೆಯ ವಿವರಗಳು ತಾವಾಗಿಯೇ ಬರುತ್ತವೆಯೆಂದು ಕಣ್ಣು ಮುಚ್ಚಿ ಒತ್ತಬೇಡಿ. ಕಳೆದ ವರ್ಷ ಬರೀ ಬ್ರೆಡ್ಡು, ಬಿಸ್ಕತ್ತು ಮಾರುತ್ತಿದ್ದವರು ಈ ವರ್ಷ ಹಿಂಬದಿಯಲ್ಲಿ ಓವನ್ ಇಟ್ಟಿದ್ದರೆ ಉದ್ದಿಮೆಯ ವರ್ಗವೇ ಬದಲಾಗುತ್ತದೆ, ಅದನ್ನು ತಿಳಿಸಲೇಬೇಕು. ಶುಲ್ಕ ಕಟ್ಟಿದ ರಸೀದಿಯೇ ಪರವಾನಗಿಯಲ್ಲ ಎಂಬುದನ್ನೂ ಮರೆಯಬೇಡಿ. ಹೊಸ ಅವಧಿಯ ಪ್ರಮಾಣಪತ್ರ ಡೌನ್‌ಲೋಡ್ ಆಗುವವರೆಗೂ ಅರ್ಜಿಯ ಸ್ಥಿತಿಯನ್ನು ನೋಡುತ್ತಿರಬೇಕು.

ಒಬ್ಬರೇ ಕೆಲಸಗಾರರಿದ್ದರೂ ಕಾರ್ಮಿಕ ಇಲಾಖೆಯ ಕಡೆಗೆ ಗಮನ ಕೊಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಐದು ವರ್ಷದ್ದಾಗಿರುವುದರಿಂದಲೇ ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದೂ ಅದೇ. ಹಾಜರಿ, ವೇತನ, ವಾರದ ರಜೆಯ ದಾಖಲೆಗಳನ್ನು ಆಗಾಗ ಬರೆದಿಡುತ್ತಿದ್ದರೆ ನಿರೀಕ್ಷಕರು ಬಂದ ದಿನ ಗಾಬರಿಯಿರುವುದಿಲ್ಲ. ವೃತ್ತಿ ತೆರಿಗೆಯಲ್ಲಿ ಎರಡು ಭಾಗಗಳಿವೆ: ಮಾಲೀಕರು ತಮ್ಮ ಲೆಕ್ಕದಲ್ಲಿ ವರ್ಷಕ್ಕೆ 2,500 ರೂಪಾಯಿ ಕಟ್ಟುವುದು ಒಂದು, ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವ ನೌಕರರಿಂದ 200 ರೂಪಾಯಿ, ಫೆಬ್ರುವರಿಯಲ್ಲಿ 300 ರೂಪಾಯಿ ಹಿಡಿದು ಕಟ್ಟುವುದು ಇನ್ನೊಂದು.

ತಕ್ಕಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಿರಾಕಿಗೂ ನಮಗೂ ನಡುವಿನ ನಂಬಿಕೆ ನಿಂತಿರುವುದೇ ಅದರ ಮೇಲೆ. ಎಲೆಕ್ಟ್ರಾನಿಕ್ ತಕ್ಕಡಿಗೆ ತಂತಿಯಲ್ಲಿ ಕಟ್ಟಿದ ಒಂದು ಪುಟ್ಟ ಸೀಸದ ಮುದ್ರೆಯಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ವರ್ಷದ ಕೊನೆಯ ಎರಡು ಅಂಕಿಗಳೂ, ತ್ರೈಮಾಸಿಕವನ್ನು ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದೂ ಕಾಣುತ್ತವೆ. ಆ ಅಕ್ಷರವೇ ನಿಮ್ಮ ಮುಂದಿನ ಗಡುವು. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ 12 ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಕಬ್ಬಿಣದ ಬಟ್ಟುಗಳಿಗೆ 24 ತಿಂಗಳ ಅವಕಾಶವಿದೆ. ನಡುವೆ ರಿಪೇರಿಗೆಂದು ಮುದ್ರೆ ಒಡೆಸಿದರೆ ಅವಧಿ ಬಾಕಿಯಿದ್ದರೂ ಮತ್ತೆ ಪರಿಶೀಲನೆ ಆಗಲೇಬೇಕು, ಮತ್ತು ರಿಪೇರಿಯನ್ನು ಇಲಾಖೆಯ ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು.

ತಿನಿಸು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಚಾಲ್ತಿಯಲ್ಲಿದೆಯೇ, ಬಿಲ್‌ನಲ್ಲಿ ಸರಿಯಾಗಿ ಅಚ್ಚಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಜಿಎಸ್‌ಟಿ ನೋಂದಣಿಗೆ ವರ್ಷ ವರ್ಷ ನವೀಕರಣವಿಲ್ಲ. ಆದರೆ 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿದ್ದನ್ನು ನಾವೆಲ್ಲ ಕಂಡಿದ್ದೇವೆ. ಚೀಟಿ ಅಂಟಿಸುವುದು ಪರಿಹಾರವಲ್ಲ. ಸರಕು ಮಾರಾಟದಲ್ಲಿ ವರ್ಷದ ವಹಿವಾಟು 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದೆಯೇ ಎಂದು ನವೀಕರಣಕ್ಕೆ ಕುಳಿತ ದಿನವೇ ಲೆಕ್ಕ ಹಾಕಿ. ವಿನಾಯಿತಿಯಿರುವ ಹಾಲು, ತರಕಾರಿಯ ಜೊತೆಗೆ ತೆರಿಗೆ ಬೀಳುವ ಸರಕನ್ನೂ ಮಾರುವವರಾದರೆ ಎರಡರ ಮೊತ್ತವೂ ಈ ಲೆಕ್ಕಕ್ಕೆ ಸೇರುತ್ತದೆ.

ಕೊನೆಗೆ ಉಳಿಯುವುದು ಗೋಡೆ ಮತ್ತು ಬೋರ್ಡು. ಪರವಾನಗಿ, ತಕ್ಕಡಿಯ ಪರಿಶೀಲನಾ ಪತ್ರ, ಜಿಎಸ್‌ಟಿ ಪ್ರಮಾಣಪತ್ರಗಳನ್ನು ಬೀರುವಿನಲ್ಲಿಡದೆ ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ 60 ಭಾಗದಲ್ಲಿ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಜಿಎಸ್‌ಟಿ ನೋಂದಣಿಯಿದ್ದವರು 29ರಿಂದ ಶುರುವಾಗುವ ಸಂಖ್ಯೆಯನ್ನೂ ಅದರಲ್ಲಿ ಬರೆಸಬೇಕು. ಬೋರ್ಡು ಬರೆಯುವವರಿಗೆ ಹೆಸರನ್ನು ಫೋನಿನಲ್ಲಿ ಹೇಳದೆ, ಪರವಾನಗಿಯ ಪ್ರತಿಯನ್ನೇ ಕೊಟ್ಟು ಅದರಲ್ಲಿರುವಂತೆಯೇ ಬರೆಯಲು ತಿಳಿಸಿ.