ಬಡಾವಣೆಯಲ್ಲೊಂದು ಕುಣಿತದ ಕ್ಲಾಸ್ ನಡೆಸುವುದು ಹೇಗೆ

ಮೊದಲ ವಾರ 25 ಜನ, ಮೂರನೇ ವಾರ 11, ಐದನೇ ವಾರಕ್ಕೆ ಮೇಷ್ಟ್ರು ಮತ್ತು ಸ್ಪೀಕರ್ ಮಾತ್ರ. ಅಪಾರ್ಟ್‌ಮೆಂಟ್ ಹಾಲ್‌ಗಳಲ್ಲಿ ಹುರುಪಿನಿಂದ ಶುರುವಾಗುವ ಡ್ಯಾನ್ಸ್ ಕ್ಲಾಸ್‌ಗಳ ಪಾಡು ಎಷ್ಟೋ ಸಲ ಇಷ್ಟೇ. ಬಂದವರು ಸೋಮಾರಿಗಳಲ್ಲ. ಹಾಡು ಶುರುವಾಗಿ ಅರ್ಧ ನಿಮಿಷದೊಳಗೆ ಅವರ ಕಾಲು ತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ತಿಳಿಯುವುದಿಲ್ಲ, ಮತ್ತೆ ಸೇರಿಕೊಳ್ಳಲು ದಾರಿ ಕಾಣುವುದಿಲ್ಲ. ನಲವತ್ತೈದು ದಾಟಿದವರಿಗೆ ಆ ಮುಜುಗರ ಎರಡು ಸಲ ಆದರೆ ಸಾಕು; ಹದಿನೈದರವರಿಗೆ ಒಂದೇ ಸಲ ಸಾಕು. ಹಾಗಾಗಿ ತಪ್ಪಿದವರು ವಾಪಸ್ ಸೇರಿಕೊಳ್ಳುವ ಹಾಗೆ ಕ್ಲಾಸ್ ಕಟ್ಟುವುದೇ ಇಲ್ಲಿನ ಮುಖ್ಯ ಕೆಲಸ. ಯಾವ ಹಾಡು, ಯಾವ ಸ್ಟೆಪ್ ಅನ್ನುವುದೆಲ್ಲ ಆಮೇಲಿನ ಮಾತು.

ಜಾಗ ಮತ್ತು ಕಾಲ

ಕೈ ಚಾಚಿ, ನಾಲ್ಕೂ ಕಡೆಗೆ ಒಂದೊಂದು ಹೆಜ್ಜೆ ಇಡಲು ಒಬ್ಬರಿಗೆ ಸುಮಾರು 40 ಚದರ ಅಡಿ ಬೇಕು. ಬೆಂಗಳೂರಿನವರ ಲೆಕ್ಕದಲ್ಲಿ ಹೇಳುವುದಾದರೆ ಒಂದು 20–30 ಸೈಟಿನಷ್ಟು (20 ಅಡಿಗೆ 30 ಅಡಿ) ಖಾಲಿ ಹಾಲ್‌ಗೆ 15 ಜನ. 30–40ರಷ್ಟು ದೊಡ್ಡದು ಸಿಕ್ಕಿತು ಅಂತ 30 ಜನರನ್ನು ಸೇರಿಸಬೇಡಿ, ಒಬ್ಬ ಮೇಷ್ಟ್ರ ಕಣ್ಣಿಗೆ 20 ಜೋಡಿ ಕಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಸಮುದಾಯ ಭವನ ಅಥವಾ ಸಣ್ಣ ಕಲ್ಯಾಣ ಮಂಟಪ ಬಾಡಿಗೆಗೆ ಕೇಳುವವರು ಪಂಚಾಂಗ ನೋಡಿಕೊಳ್ಳುವುದು ಒಳ್ಳೆಯದು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಹಾಲ್ ಖಾಲಿ, ಬಾಡಿಗೆಯಲ್ಲೂ ಚೌಕಾಶಿ ಮಾಡಬಹುದು. ನಾಲ್ಕು ವಾರದ ಮೊದಲ ಬ್ಯಾಚ್‌ಗೆ ಆಷಾಢ ಹೇಳಿ ಮಾಡಿಸಿದಂತಿರುತ್ತದೆ, ಅಷ್ಟರಲ್ಲಿ ಶಾಲೆ-ಕಾಲೇಜೂ ಶುರುವಾಗಿ ಒಂದು ಹದಕ್ಕೆ ಬಂದಿರುತ್ತವೆ. ಫೆಬ್ರವರಿ–ಮಾರ್ಚ್‌ನಲ್ಲಿ ಹೊಸ ಬ್ಯಾಚ್ ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಬರುವುದಿಲ್ಲ, ಅವರ ಅಪ್ಪ-ಅಮ್ಮಂದಿರೂ ಬರುವುದಿಲ್ಲ. ಟೆರೇಸ್ ನೆಚ್ಚಿಕೊಂಡವರಿಗೆ ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನ ಸಂಜೆ ಮಳೆ ಅಡ್ಡ ಬರುತ್ತದೆ. ವಾರದ ದಿನ ಸಂಜೆ ಆರೂವರೆಗೆ ಅಂದರೆ ಅರ್ಧ ಜನ ಟ್ರಾಫಿಕ್‌ನಲ್ಲಿರುತ್ತಾರೆ, ಶನಿವಾರ ಅಥವಾ ಭಾನುವಾರ ಬೆಳಿಗ್ಗೆ 7.30ರಿಂದ 8.45 ವಾಸಿ.

ಅಸೋಸಿಯೇಷನ್‌ನವರ ಹತ್ತಿರ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಜಗಳ ತರುವುದು ಹಾಡಿಗಿಂತ ಹೆಚ್ಚಾಗಿ ಬಾಸ್ ಮತ್ತು ಕಾಲಿನ ದಡದಡ. ಕೆಳಗೆ ಮನೆಯಿರುವ ಹಾಲ್ ಬಿಟ್ಟು ನೆಲಮಹಡಿಯದನ್ನೇ ಆರಿಸಿ. ಸ್ಪೀಕರನ್ನು ನೆಲದ ಮೇಲಿಡದೆ ಎದೆಮಟ್ಟಕ್ಕೆ ಸ್ಟೂಲ್ ಮೇಲಿಟ್ಟರೆ ಕಡಿಮೆ ವಾಲ್ಯೂಮ್‌ನಲ್ಲೇ ಹಿಂದಿನ ಸಾಲಿಗೂ ಕೇಳಿಸುತ್ತದೆ.

ನೆಲ ನೋಡದೆ ಹಾಲ್ ಗೊತ್ತು ಮಾಡಬೇಡಿ

ಮರದ ಹಲಗೆಯ ನೆಲ ನಮ್ಮ ಹಾಲ್‌ಗಳಲ್ಲಿ ಅಪರೂಪ. ಸಿಗುವುದು ಕಾಂಕ್ರೀಟ್ ಮೇಲೆ ಅಂಟಿಸಿದ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್. ಅದು ಒಂದಿಷ್ಟೂ ಬಳುಕುವುದಿಲ್ಲ, ಹಾರಿ ಇಳಿದ ಪೆಟ್ಟೆಲ್ಲ ಮೊಣಕಾಲ ಕೆಳಗಿನ ಮೂಳೆಗೆ. ಎರಡು ವಾರ ಕಳೆಯುವುದರೊಳಗೆ ಮುಂಗಾಲಿನ ಮೂಳೆಗುಂಟ ನೋವು ಶುರು. ಹಾಗಾಗಿ ಮೊದಲ ತಿಂಗಳು ಎರಡೂ ಕಾಲು ನೆಲ ಬಿಡುವ ಹೆಜ್ಜೆಯೇ ಬೇಡ.

ಮೆತ್ತಗಿರಲಿ ಅಂತ ಜೋಡಿಸುವ ಫೋಮ್ ಮ್ಯಾಟ್ ಹಾಸುವುದು ಇನ್ನೊಂದು ತಪ್ಪು. ಯೋಗಕ್ಕೆ ಸರಿ, ಕುಣಿತಕ್ಕಲ್ಲ. ಪಾದ ಫೋಮ್‌ನಲ್ಲಿ ಹೂತು ಅಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವೆ ತಿರುಚಿಕೊಳ್ಳುವುದು ಮೊಣಕಾಲು. ಹಿಡಿತ ಜಾಸ್ತಿಯಿರುವ ರನ್ನಿಂಗ್ ಶೂನಲ್ಲೂ ಇದೇ ಕತೆ. ಒಳಗಿನ ನೆಲಕ್ಕೆ ಬರಿಗಾಲು ಉತ್ತಮ. ಸಿಮೆಂಟ್ ನೆಲಕ್ಕೆ ತೆಳು ಅಡಿಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯುವ ಬದಲು ನಾಲ್ಕು ಸಣ್ಣ ಹೆಜ್ಜೆಯಲ್ಲಿ ತಿರುಗುವುದು ಕಲಿಸಿ. ಬರೀ ಸಾಕ್ಸ್ ಮಾತ್ರ ಯಾವ ನೆಲಕ್ಕೂ ಬೇಡ. ಹಿಂದಿನ ದಿನ ಪೂಜೆ, ಊಟ ನಡೆದಿದ್ದರೆ ಎಣ್ಣೆ ಚೆಲ್ಲಿದ ಜಾಗವನ್ನು ಕೈಯಲ್ಲಿ ಮುಟ್ಟಿ ನೋಡಿ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ಇಡುವುದು ಬೇರೆ, ತಾಗಿಸುವುದು ಬೇರೆ

‘ಬಲಗಾಲು ಪಕ್ಕಕ್ಕಿಡಿ, ಎಡಗಾಲು ಸೇರಿಸಿ’ ಅಂತ ಹೇಳಿದಿರಿ ಅಂದುಕೊಳ್ಳಿ. ‘ಸೇರಿಸಿ’ ಅಂದಾಗ ಅರ್ಧ ಜನ ಎಡಗಾಲನ್ನು ಪಕ್ಕಕ್ಕೆ ತಂದು ಅದರ ಮೇಲೆ ಭಾರ ಹಾಕುತ್ತಾರೆ. ಇನ್ನರ್ಧ ಜನ ಬೆರಳ ತುದಿಯಷ್ಟೇ ತಾಗಿಸುತ್ತಾರೆ. ನೋಡಲು ಎರಡೂ ಒಂದೇ. ಮುಂದಿನ ಎಣಿಕೆಗೆ ಮೊದಲಿನವರ ಬಲಗಾಲು ಏಳುತ್ತದೆ, ಎರಡನೆಯವರ ಎಡಗಾಲು. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ಹೊರಟು ಭುಜಕ್ಕೆ ಭುಜ ಡಿಕ್ಕಿ. ಕಾಲು ತಪ್ಪುವುದರ ಬೇರು ಹೆಚ್ಚಿನಂಶ ಇಲ್ಲೇ ಇರುತ್ತದೆ.

ಆದ್ದರಿಂದ ಮೊದಲ ದಿನವೇ ಎರಡು ಮಾತು ಗೊತ್ತು ಮಾಡಿಕೊಳ್ಳಿ. ‘ಇಡಿ’ ಅಂದರೆ ಭಾರ ಆ ಕಾಲಿಗೆ ಹೋಗಬೇಕು. ‘ತಾಗಿಸಿ’ ಅಂದರೆ ಹೋಗಬಾರದು. ‘ಸೇರಿಸಿ’ ಅನ್ನುವ ಮಾತನ್ನೇ ಬಿಟ್ಟುಬಿಡಿ. ಸರಿಯಾಯಿತೇ ಅಂತ ನೋಡಲು ನಡುವೆ ತಟ್ಟನೆ ‘ನಿಲ್ಲಿ, ಖಾಲಿ ಕಾಲು ಎತ್ತಿ’ ಅನ್ನಿ. ಭಾರವಿಲ್ಲದ ಕಾಲು ಹಗುರಾಗಿ ಏಳುತ್ತದೆ. ಯಾರು ಕುಪ್ಪಳಿಸಿ ಸಾವರಿಸಿಕೊಳ್ಳುತ್ತಾರೋ ಅವರ ಭಾರ ತಪ್ಪು ಕಾಲಿನಲ್ಲಿತ್ತು. ಮೊದಲ ನಾಲ್ಕು ಕ್ಲಾಸ್‌ನಲ್ಲೂ ಹತ್ತು ನಿಮಿಷ ಬರೀ ನಡಿಗೆ, ಇಡುವುದು-ತಾಗಿಸುವುದು, ನಿಲ್ಲುವುದು. ಹುಡುಗರು ‘ಇಷ್ಟೇನಾ ಆಂಟಿ?’ ಅನ್ನುತ್ತಾರೆ, ಅನ್ನಲಿ.

ಎಡ-ಬಲದ ಬದಲು ‘ಕಿಟಕಿ ಕಡೆ’, ‘ಬಾಗಿಲ ಕಡೆ’ ಅನ್ನುವುದು ಎಷ್ಟೋ ವಾಸಿ. ಕಲಿಸುವವರು ಎದುರು ನಿಂತರೂ, ಬೆನ್ನು ಹಾಕಿ ನಿಂತರೂ ಕಿಟಕಿ ಜಾಗ ಬದಲಿಸುವುದಿಲ್ಲ. ಹೊಸ ಹೆಜ್ಜೆ ತೋರಿಸುವಾಗ ಬೆನ್ನು ಹಾಕಿಯೇ ನಿಲ್ಲಿ, ಪ್ಯಾಂಟಿನ ಅಂಚು ಕಣಕಾಲ ಮೇಲಕ್ಕೆ ಮಡಚಿ, ಪಾದ ಕಾಣಬೇಕು. ಎರಡು ಹಾಡಿಗೊಮ್ಮೆ ಹಿಂದಿನ ಸಾಲು ಮುಂದೆ ಬರಲಿ. ಮನೆಯವರನ್ನು ಅಕ್ಕಪಕ್ಕ ನಿಲ್ಲಿಸಬೇಡಿ, ಅಮ್ಮ ಮಗಳನ್ನು ತಿದ್ದುತ್ತಾ ತನ್ನ ಕಾಲು ಮರೆಯುತ್ತಾಳೆ.

ಎಣಿಕೆ

ಒಂದು, ಎರಡು, ಮೂರು, ನಾಲ್ಕು. ಇವುಗಳಲ್ಲಿ ‘ಎರಡು’ ಮಾತ್ರ ಮೂರಕ್ಷರ. ನಿಧಾನಕ್ಕೆ ಎಣಿಸುವಾಗ ತೊಂದರೆಯಿಲ್ಲ, ವೇಗ ಹೆಚ್ಚಿದಾಗ ಅಲ್ಲೇ ಒಂದು ಕೂದಲೆಳೆ ತಡವಾಗಿ ಇಡೀ ಸಾಲು ಎಳೆಯುತ್ತದೆ. ಬೀದಿಯಲ್ಲಿ ಆಡುವ ಹಾಗೆ ‘ಎರ್ಡು’ ಅಂದುಬಿಡಿ. ಶುರು ಮಾಡಿಸುವಾಗ ‘ಐದು ಆರು ಏಳು ಎಂಟು’ ಅಂತ ಅದೇ ವೇಗದಲ್ಲಿ ಕೊಟ್ಟರೆ ಎಲ್ಲರ ಮೊದಲ ಹೆಜ್ಜೆ ಒಂದರ ಮೇಲೇ ಬೀಳುತ್ತದೆ.

ಇನ್ನೊಂದು ತೊಡಕು, ನಮ್ಮ ಜಾನಪದ ಹಾಡುಗಳಲ್ಲಿ ಬಹಳಷ್ಟು ತಿಶ್ರ ನಡೆಯವು. ಪ್ರತಿ ಪೆಟ್ಟಿನೊಳಗೆ ಮೂರು ಪಾಲು, ತಕಿಟ ತಕಿಟ. ಪೆಟ್ಟಿಗೆ ನಾಲ್ಕು ಪಾಲಿನ ‘ತಕಧಿಮಿ’ ನಡೆಯ ಸಿನಿಮಾ ಹಾಡಿಗೆ ಕಲಿತ ಹೆಜ್ಜೆಯನ್ನು ಹಾಗೆಯೇ ಇದರ ಮೇಲೆ ಕೂರಿಸಿದರೆ ನಡುವಿನ ಅರ್ಧ ಹೆಜ್ಜೆಗಳು ಎಲ್ಲಿಯೂ ಸೇರುವುದಿಲ್ಲ. ಹಾಡು ಹಾಕುವ ಮೊದಲು ಎಲ್ಲರೂ ಬಾಯಲ್ಲಿ ನಡೆ ಹೇಳಿ ಚಪ್ಪಾಳೆ ತಟ್ಟಲಿ, ಆಮೇಲೆ ಕಾಲು. ವೇಗದ ವಿಷಯಕ್ಕೆ ಬಂದರೆ, ಮೊದಲ ತಿಂಗಳು ನಿಮಿಷಕ್ಕೆ 95ರಿಂದ 110 ಪೆಟ್ಟಿನ ಹಾಡು ಸಾಕು. 130 ದಾಟಿದ ಹಾಡೇ ಬೇಕೆಂದರೆ ಎರಡು ಪೆಟ್ಟಿಗೊಂದು ಹೆಜ್ಜೆ.

ಒಂದು ಕ್ಲಾಸ್‌ನ 75 ನಿಮಿಷ

ಮೈ ಬಿಸಿ ಮಾಡಲು 10, ನಡಿಗೆ 10, ಹೆಜ್ಜೆಯ ಸರಣಿ 25, ನೀರಿಗೆ 5, ಕೋಲಾಟ 15, ಇಳಿಸಲು 10. ಶುರುವಿನಲ್ಲಿ ಬಗ್ಗಿ ಕಾಲ್ಬೆರಳು ಹಿಡಿದು ಎಳೆಯುವುದು ಬೇಡ. ಕಣಕಾಲು, ಸೊಂಟ, ಭುಜ ತಿರುಗಿಸಿ, ಜೋರು ನಡಿಗೆಗೆ ಹೋಗಿ. ಹಿಡಿದು ನಿಲ್ಲುವ ಎಳೆತಗಳು ಕೊನೆಗೆ, ಪ್ರತಿಯೊಂದೂ 20–30 ಸೆಕೆಂಡ್. ಅರೆಮಂಡಿ (ಭರತನಾಟ್ಯದಲ್ಲಿ ಮೊಣಕಾಲು ಹೊರಕ್ಕೆ ಮಡಚಿ ಅರ್ಧ ಕೂರುವ ಭಂಗಿ) ಕೂರಿಸುವುದಾದರೆ ಪಾದ ಎಷ್ಟು ಹೊರಕ್ಕೆ ತಿರುಗಿದೆಯೋ ಮೊಣಕಾಲೂ ಅಷ್ಟೇ ತಿರುಗಬೇಕು. ಪಾದ ಹೊರಕ್ಕೆ, ಮೊಣಕಾಲು ಒಳಕ್ಕೆ ಬಿದ್ದರೆ ಪಾದವನ್ನು ಒಳಕ್ಕೆ ತನ್ನಿ, ಕಡಿಮೆ ಕೂರಿಸಿ.

ಸರಣಿ ಅಂದರೆ ನಾಲ್ಕು ಎಂಟು, ಒಟ್ಟು 32 ಎಣಿಕೆ. ತಿಂಗಳಿಗೆ ಇದೊಂದೇ. ಕೊನೆಯ ಎಂಟನ್ನು ಮೊದಲು ಕಲಿಸಿ, ಆಮೇಲೆ ಅದರ ಹಿಂದಿನದು, ಹೀಗೆ ಹಿಮ್ಮುಖವಾಗಿ ಕಟ್ಟಿಕೊಂಡು ಬನ್ನಿ. ಮೊದಲಿನಿಂದ ಕಲಿಸಿದರೆ ಆರಂಭ ಮಾತ್ರ ಗಟ್ಟಿಯಾಗಿ, ಮುಂದೆ ಹೋದಂತೆ ದಿಗಿಲಾಗುತ್ತದೆ. ಕೊನೆಯಿಂದ ಕಲಿತವರು ಗೊತ್ತಿರುವ ಕಡೆಗೆ ಕುಣಿದುಕೊಂಡು ಹೋಗುತ್ತಾರೆ. ಕೊನೆಯ ನಾಲ್ಕು ಎಣಿಕೆಯನ್ನು ನಿಂತಲ್ಲೇ ನಾಲ್ಕು ಚಪ್ಪಾಳೆಯಾಗಿ ಬಿಡಿ. ಅದು ಬಸ್ ಸ್ಟಾಪ್. ನಡುವೆ ತಪ್ಪಿದವರು ಗಾಬರಿಯಾಗದೆ ಜಾಗದಲ್ಲೇ ನಡೆಯುತ್ತಿರಲಿ, ಚಪ್ಪಾಳೆ ಬಂದಾಗ ಹತ್ತಿಕೊಳ್ಳಲಿ.

ಕೋಲಾಟ ಏಕೆ, ಹೇಗೆ

ಬೆರೆತ ವಯಸ್ಸಿನ ಗುಂಪಿಗೆ ಕೋಲಾಟದಷ್ಟು ಒಗ್ಗುವುದು ಬೇರೆ ಇಲ್ಲ. ಕೈಗೆ ಕೆಲಸ ಸಿಕ್ಕರೆ ನಾಚಿಕೆ ಅರ್ಧ ಹೋಗುತ್ತದೆ, ಜೊತೆಗೆ ಕೋಲಿನ ಸದ್ದೇ ತಾಳ ತಪ್ಪಿದ್ದನ್ನು ಹೇಳುತ್ತದೆ. ಕಂಸಾಳೆಯನ್ನೂ ಸೇರಿಸಿ ಅನ್ನುವವರಿದ್ದಾರೆ. ಅದು ಮಲೆ ಮಹದೇಶ್ವರನ ಒಕ್ಕಲಿನ ದೇವರಗುಡ್ಡರ ಕಲೆ, ದಾರಕ್ಕೆ ಕಟ್ಟಿದ ಕಂಚಿನ ತಾಳ ಬೀಸುವುದನ್ನು ನಾಲ್ಕು ವಾರದ ಕ್ಲಾಸ್‌ಗೆ ತರುವುದು ಸರಿಯೂ ಅಲ್ಲ, ಅಕ್ಕಪಕ್ಕದವರ ತಲೆಗೆ ಕ್ಷೇಮವೂ ಅಲ್ಲ. ನೋಡಿ ಆನಂದಿಸಲು ರಾಮನಗರದ ಹತ್ತಿರ ಜಾನಪದ ಲೋಕ ಇದೆ, ಒಂದು ಭಾನುವಾರ ಎಲ್ಲರೂ ಹೋಗಿಬನ್ನಿ.

ಕೋಲು 14–15 ಇಂಚು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಗಟ್ಟಿ ಮರದ್ದು. ನವರಾತ್ರಿ ಹೊತ್ತಿಗೆ ಸಿಗುವ ಟೊಳ್ಳು ಲೋಹದ ಕೋಲು ಬೇಡ, ಕಿವಿ ಚುಚ್ಚುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಸಿಬಿರು ತೆಗೆಯಿರಿ. ಬುಡದಿಂದ ನಾಲ್ಕು ಬೆರಳು ಬಿಟ್ಟು ಸಡಿಲವಾಗಿ ಹಿಡಿಯಬೇಕು. ಬಿಗಿಹಿಡಿದರೆ ಪೆಟ್ಟು ಮಣಿಕಟ್ಟಿಗೆ ಬರುತ್ತದೆ, ನಡುವೆ ಹಿಡಿದರೆ ಗೆಣ್ಣಿಗೆ. ಹೊಡೆತ ಎದೆಮಟ್ಟದಲ್ಲಿ, ತುದಿಯ ಮೂರನೇ ಒಂದು ಭಾಗದಲ್ಲಿ. ಭುಜದಿಂದ ಮೇಲಕ್ಕೆ ಕೋಲು ಹೋಗಬಾರದು.

ಎರಡು ವೃತ್ತ, ಒಳಗಿನವರು ಹೊರಗಿನವರಿಗೆ ಎದುರು. ಒಂದಕ್ಕೆ ತನ್ನ ಕೋಲುಗಳು, ಎರಡಕ್ಕೆ ಎದುರಿನವರ ಬಲಕ್ಕೆ ಬಲ, ಮೂರಕ್ಕೆ ತನ್ನವು, ನಾಲ್ಕಕ್ಕೆ ಎಡಕ್ಕೆ ಎಡ, ಐದಕ್ಕೆ ತನ್ನವು, ಆರಕ್ಕೆ ಎರಡೂ ಒಟ್ಟಿಗೆ, ಏಳು-ಎಂಟಕ್ಕೆ ಹೊರ ವೃತ್ತದವರು ಒಂದು ಜಾಗ ಬಲಕ್ಕೆ. 16 ಜನರಿದ್ದರೆ ಎಂಟು ಸುತ್ತಿಗೆ, ಅಂದರೆ 64 ಎಣಿಕೆಗೆ, ಮೊದಲಿನ ಜೋಡಿ ಮತ್ತೆ ಎದುರಾಗುತ್ತದೆ. ಹುರುಪಿನಲ್ಲಿ ಒಳಗಿನವರನ್ನೂ ಅವರವರ ಬಲಕ್ಕೆ ನಡೆಸಿದರೆ ಎರಡು ವೃತ್ತ ವಿರುದ್ಧ ದಿಕ್ಕಿಗೆ ಸುತ್ತಿ, ಪ್ರತಿ ಸಲ ಒಬ್ಬರನ್ನು ಹಾರಿಸಿದಂತಾಗುತ್ತದೆ. ನಾಲ್ಕೇ ಸುತ್ತಿಗೆ ಮೊದಲ ಜೋಡಿ ವಾಪಸ್, ಉಳಿದ ನಾಲ್ವರು ಎದುರಾಗುವುದೇ ಇಲ್ಲ. ಏಳೋ ಒಂಬತ್ತೋ ಜೋಡಿಯಿದ್ದರೆ ಈ ತೊಂದರೆ ಇಲ್ಲ, ಎಲ್ಲರೂ ಸಿಗುತ್ತಾರೆ. ಒಬ್ಬರು ಒಂಟಿಯಾಗಿ ಉಳಿದರೆ ಅವರ ಕೈಗೆ ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ಕೊಡಿ. ಕರೆಂಟ್ ಹೋದ ದಿನವೂ ಅದೇ ಕೈಹಿಡಿಯುತ್ತದೆ.

ಉಳಿದ ಕೆಲಸ

ಸೇರುವಾಗ ಒಂದು ಹಾಳೆ ತುಂಬಿಸಿಕೊಳ್ಳಿ: ಬಿಪಿ, ಹೃದಯ, ಅಸ್ತಮಾ, ಮಂಡಿ, ಗರ್ಭಿಣಿಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ತುರ್ತಿಗೆ ಯಾರ ಫೋನ್. 18 ದಾಟದವರಿಗೆ ಪೋಷಕರ ಸಹಿ. ಹಾಲ್‌ನಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಮೈ ಮುಟ್ಟಿ ತಿದ್ದುವ ಮೊದಲು ಕೇಳಿ, ಒಪ್ಪಿಗೆಯಿಲ್ಲದೆ ವಿಡಿಯೊ ಬೇಡ. ಶ್ರಮ ಹದವಾಗಿದೆಯೇ ಅಂತ ತಿಳಿಯಲು ಮಾತಾಡಿಸಿ ನೋಡಿ: ಮಾತು ಬರಬೇಕು, ಹಾಡಲು ಆಗಬಾರದು. ಎದೆ ನೋವು, ತಲೆಸುತ್ತು ಅಂದವರನ್ನು ಕೂರಿಸಿ. ಎದೆ ನೋವು ನಿಲ್ಲದಿದ್ದರೆ ತಡ ಮಾಡದೆ 108. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ, ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಹೇಳುತ್ತದೆ. ನಿಂತು ನೋಡುವ ಹೊತ್ತು ಕಳೆದರೆ ಈ ಕ್ಲಾಸ್‌ನಲ್ಲಿ ಸಿಗುವುದು 45 ನಿಮಿಷದಷ್ಟೇ, ತೂಕ ಇಳಿಯುತ್ತದೆ ಅಂತ ಪೋಸ್ಟರ್ ಹಾಕಬೇಡಿ.

ದುಪಟ್ಟಾ ಸೊಂಟಕ್ಕೆ ಕಟ್ಟಲಿ, ಗಾಜಿನ ಬಳೆ ಬಿಚ್ಚಿಡಲಿ. ಊಟವಾಗಿ ಎರಡು ಗಂಟೆ ಕಳೆದಿರಲಿ.

ಹಣದ ಲೆಕ್ಕ ಹೀಗೆ ಹಾಕಿ. ದಿನಕ್ಕೆ ಹಾಲ್ 500, ಮೇಷ್ಟ್ರಿಗೆ 1,000 ಅಂತಿಟ್ಟುಕೊಂಡರೆ ನಾಲ್ಕು ವಾರಕ್ಕೆ 6,000 ರೂಪಾಯಿ. 15 ಜನ ಸೇರಿದರೂ ಭಾಗಿಸುವುದು 12ರಿಂದ, ತಲೆಗೆ 500. ಮುಂಗಡವಾಗಿ ಇಡೀ ತಿಂಗಳದ್ದು ತೆಗೆದುಕೊಳ್ಳಿ. ದಿನಕ್ಕಿಷ್ಟು ಅಂತ ವಸೂಲಿ ಮಾಡಿದರೆ ಮೋಡ ಕವಿದ ಬೆಳಿಗ್ಗೆ ಹಾಲ್ ಬಾಡಿಗೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಆ ಮೂವರ ಹೆಚ್ಚುವರಿ 1,500ರಲ್ಲಿ ಕೋಲು, ಮರಳು ಕಾಗದ, ಕ್ರೇಪ್ ಬ್ಯಾಂಡೇಜ್ ಮತ್ತು ಒಂದು ದಮ್ಮಡಿ ಬರುತ್ತದೆ.