ಪೋಡಿನ ಜಗಲಿಯಲ್ಲಿ ಹಲ್ಲಿನ ಕೆಲಸ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಹಲ್ಲು ನೋಡಲು ಹೋಗತೊಡಗಿದ ಮೊದಲ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಕ್ಯಾಂಪ್ ಹಾಕಿ, ಬಾಯಿ ನೋಡಿ, 'ಚಾಮರಾಜನಗರಕ್ಕೆ ಹೋಗಿ ತೋರಿಸಿ' ಎಂದು ಚೀಟಿ ಬರೆದುಕೊಟ್ಟು ಬಂದುಬಿಟ್ಟೆ. ಯಾರೂ ಹೋಗಲಿಲ್ಲ. ಹೇಗೆ ಹೋಗುತ್ತಾರೆ? ಬೆಟ್ಟ ಇಳಿದು ಹತ್ತಿದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಒಬ್ಬ ಅಜ್ಜಿ ಆ ಚೀಟಿಯನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಮುಂದಿನ ಸಲ ಹೋದಾಗ ತೆಗೆದು ತೋರಿಸಿದರು. "ನೋವೂ ಇಲ್ಲೇ ಅದ ಮೇಡಂ, ಚೀಟಿನೂ ಇಲ್ಲೇ ಅದ" ಅಂದರು. ಅವರ ದವಡೆ ಹಲ್ಲನ್ನು ಅವತ್ತೇ, ಅಲ್ಲೇ ಕಿತ್ತೆ.

ಆಮೇಲೆ ಎಆರ್‌ಟಿ (ಅಟ್ರೊಮ್ಯಾಟಿಕ್ ರೆಸ್ಟೊರೇಟಿವ್ ಟ್ರೀಟ್‌ಮೆಂಟ್) ಕಲಿತೆ, ಅಂದರೆ ಹುಳುಕನ್ನು ಕೈ ಸಲಕರಣೆಯಿಂದಲೇ ತೆಗೆದು ಹಲ್ಲು ತುಂಬುವುದು. ಎಚ್‌ಐವಿ ಔಷಧಿಗೂ ಇದೇ ಹೆಸರಿದೆ, ಇದು ಬೇರೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದ ವಿಧಾನ. ಡ್ರಿಲ್ ಬೇಡ, ಕರೆಂಟ್ ಬೇಡ, ಎಷ್ಟೋ ಸಲ ಸೂಜಿಯೂ ಬೇಡ. ಜಗಲಿಯಲ್ಲಿ ಚಾಪೆ ಹಾಸಿ ಮಗುವನ್ನು ಮಲಗಿಸುತ್ತೇನೆ, ತಲೆಯ ಹಿಂದೆ ನಾನು ಕೂರುತ್ತೇನೆ. ಪುಟ್ಟ ಚಮಚದಂಥ ಸಲಕರಣೆಯಿಂದ ಹುಳುಕು ಕೆರೆದರೆ, ನೀರು ಕುಡಿದ ಬೆಲ್ಲದ ಹಾಗೆ ಪದರ ಪದರವಾಗಿ ಏಳುತ್ತದೆ. ಆಳಕ್ಕೆ ಹೋದಷ್ಟೂ ಕೈ ಹಗುರ ಮಾಡಬೇಕು, ಗಟ್ಟಿ ಸಿಕ್ಕ ಕೂಡಲೇ ನಿಲ್ಲಿಸಬೇಕು. ಗ್ಲಾಸ್ ಅಯಾನೋಮರ್ ಸಿಮೆಂಟ್ ಕಲಸಿ ತುಂಬಿ, ವ್ಯಾಸಲೀನ್ ಸವರಿದ ಬೆರಳಿನಿಂದ ಒತ್ತಿ ಹಿಡಿಯಬೇಕು. ಒಂದು ಗಂಟೆ ಏನೂ ತಿನ್ನಬಾರದು, ಅಷ್ಟೇ.

ತೀರಾ ಚಿಕ್ಕ ಮಕ್ಕಳಿಗೆ 38 ಪರ್ಸೆಂಟ್ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚುತ್ತೇನೆ. ಒಂದು ತೊಟ್ಟು ಸಾಕು, ಬಹಳಷ್ಟು ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಆ ಸಿಮೆಂಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಹುಳುಕಿನ ಜಾಗ ಕಪ್ಪಾಗಿ ಹಾಗೇ ಉಳಿಯುತ್ತದೆ. ಒಮ್ಮೆ ಇದನ್ನು ಹೇಳದೆ ಹಚ್ಚಿಬಿಟ್ಟೆ. "ಮಗೀನ ಹಲ್ಲು ಯಾಕ್ ಸುಟ್ರಿ?" ಎಂದು ಆ ತಾಯಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಈಗ ಕಪ್ಪಾದ ಹಲ್ಲಿನ ಫೋಟೋ ಮೊದಲೇ ತೋರಿಸುತ್ತೇನೆ. ಒಪ್ಪಿದರೆ ಮಾತ್ರ ಬಾಟಲಿ ತೆರೆಯುವುದು.

ದೊಡ್ಡವರ ಬಾಯಿ ನೋಡುವಾಗ ಹಲ್ಲಿಗಿಂತ ಕೆನ್ನೆಯ ಒಳಗಡೆಯ ಚಿಂತೆಯೇ ಜಾಸ್ತಿ. ಎಲೆಅಡಿಕೆ ಜೊತೆ ಕಡ್ಡಿಪುಡಿ (ತಂಬಾಕು) ಹಾಕುವವರು ಇದ್ದಾರಲ್ವಾ, ಬಾಯಿ ಕ್ಯಾನ್ಸರಿನ ಭಯ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಅಂಥವರಿಗೆ ಸುಮ್ನೆ ಚೀಟಿ ಕೊಟ್ಟು ಬರುವುದಿಲ್ಲ. ಮನೆಯವರೊಬ್ಬರನ್ನೂ ಸೇರಿಸಿ, ವಾಪಸ್ ಬರುವ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಬರುತ್ತೇನೆ.